ಕ್ಲಚ್ಚಿನ ಮಾಸ್ಟರ್ ಸಿಲಿಂಡರು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಗಾಡಿಯ ರಿಪೇರಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಓದುತ್ತಿರುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ಆದರೆ ನನ್ನ ಓದಿನ ಖರ್ಚು ಹುಟ್ಟುವುದು ತಂದೆಯವರು ಬಾಡಿಗೆಗೆ ಓಡಿಸುವ ಒಂದು ಹಳೆಯ ಡೀಸೆಲ್ ಗಾಡಿಯಿಂದ. ಅಡಿಕೆ ಕುಯಿಲಿನ ಕಾಲದಲ್ಲಿ ಅದು ಚನ್ನಗಿರಿಯ ತೋಟಗಳಿಗೆ ಆಳುಗಳನ್ನು ಹೊತ್ತು ಹೋಗುವುದು. ಭತ್ತದ ಕಾಲಕ್ಕೆ ಹೊನ್ನಾಳಿ, ನ್ಯಾಮತಿಗಳ ಕಡೆ ತಿರುಗುವುದು. ಮೆಕ್ಕೆಜೋಳದ ಸುಗ್ಗಿಗೆ ಜಗಳೂರಿನವರೆಗೂ ಓಡುವುದು. ಅದು ನಿಂತರೆ ಮನೆಯ ಲೆಕ್ಕವೆಲ್ಲ ನಿಲ್ಲುವುದು. ಹೋದ ವರ್ಷ ಅದು ನಿಂತೇ ಬಿಟ್ಟಿತು. ಆಗ ನಾವು ಕಲಿತದ್ದನ್ನು, ಕಲಿಯುವಾಗ ಮಾಡಿದ ತಪ್ಪುಗಳೊಡನೆ, ಇಲ್ಲಿ ಬರೆಯುತ್ತಿದ್ದೇನೆ.

ಜಗಳೂರಿನಿಂದ ಖಾಲಿ ಗಾಡಿಯಲ್ಲಿ ಹಿಂದಿರುಗುವಾಗ ಒಂದು ತಿರುವಿನಲ್ಲಿ ತಂದೆಯವರು ಕ್ಲಚ್ ಪೆಡಲನ್ನು ತುಳಿದರು. ಪೆಡಲು ಮೆತ್ತಗೆ ನೆಲಕ್ಕೆ ಹೋಗಿ ಕುಳಿತಿತು. ಗೇರು ಮಾತ್ರ ಬಿಡಲಿಲ್ಲ. ಎರಡು ಮೂರು ಸಲ ಬೇಗ ಬೇಗ ತುಳಿದರೆ ಒಂದಿಷ್ಟು ಹಿಡಿತ ಬರುವುದು, ಮತ್ತೆ ಹೋಗುವುದು. ಕತ್ತಲಾಗುತ್ತಿತ್ತು. ಅವರು ಹಳೆಯ ಚಾಲಕರ ಒಂದು ಉಪಾಯ ಮಾಡಿದರು. ಎಂಜಿನ್ನನ್ನು ನಿಲ್ಲಿಸಿ, ಒಂದನೆಯ ಗೇರಿಗೆ ಹಾಕಿ, ಸ್ಟಾರ್ಟರನ್ನು ತಿರುಗಿಸಿದರು. ಗಾಡಿ ಎರಡು ಸಲ ಮುಗ್ಗರಿಸಿ ಹೊರಟಿತು. ಮುಂದಿನ ಗೇರುಗಳನ್ನು ಆಕ್ಸಿಲರೇಟರಿನಿಂದ ಕಾಲು ತೆಗೆದು, ಎಂಜಿನ್ನಿನ ವೇಗ ಗೇರಿನ ವೇಗಕ್ಕೆ ಇಳಿಯುವವರೆಗೆ ಕಾದು, ಕೈಯಿಂದ ಮೆಲ್ಲಗೆ ಒತ್ತಿ ಹಾಕಿದರು. ದಾವಣಗೆರೆಯ ಪೇಟೆಯನ್ನು ಬಳಸಿಕೊಂಡು, ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿ, ನಡುರಾತ್ರಿಗೆ ಮನೆ ಸೇರಿದರು. ಇದನ್ನು ಅನುಕರಣೆಗಾಗಿ ಹೇಳುತ್ತಿಲ್ಲ. ಜನಸಂದಣಿಯಲ್ಲಿ ಇದು ಅಪಾಯ. ಹೊಸ ಗಾಡಿಗಳಲ್ಲಿ ಅನೇಕವು ಕ್ಲಚ್ಚನ್ನು ತುಳಿಯದೆ ಸ್ಟಾರ್ಟೇ ಆಗುವುದಿಲ್ಲ.

ಮರುದಿನ ಒಂದು ಕಾರ್ಖಾನೆಯವರು ಬಂದು ನೋಡಿ, ಕ್ಲಚ್ ಪ್ಲೇಟು ಸವೆದಿದೆ, ಗೇರುಪೆಟ್ಟಿಗೆಯನ್ನು ಇಳಿಸಿ ಇಡೀ ಸೆಟ್ಟನ್ನು ಬದಲಿಸಬೇಕು ಎಂದು ಹೇಳಿ ಹೋದರು. ಹೇಳಿದ ಮೊತ್ತವನ್ನು ಕೇಳಿ ತಂದೆಯವರು ಮಾತಾಡಲಿಲ್ಲ. ನನ್ನ ಪರೀಕ್ಷಾ ಶುಲ್ಕದ ಗಡುವೂ ಅದೇ ವಾರದಲ್ಲಿತ್ತು.

ಅಂದು ನಾವು ಉಳಿದದ್ದು ಒಂದು ಸಣ್ಣ ವಿವೇಚನೆಯಿಂದ. ಕ್ಲಚ್ಚು ಜಾರುವುದು ಬೇರೆ, ಕ್ಲಚ್ಚು ಬಿಡದಿರುವುದು ಬೇರೆ. ಪ್ಲೇಟು ಸವೆದರೆ ಅದು ಜಾರುತ್ತದೆ: ಎಂಜಿನ್ನು ಕೂಗುವುದು, ಗಾಡಿ ಎಳೆಯುವುದಿಲ್ಲ, ದಿಣ್ಣೆಯಲ್ಲಿ ಸುಟ್ಟ ವಾಸನೆ ಬರುವುದು. ನಮ್ಮ ಗಾಡಿ ಜಗಳೂರಿನಿಂದ ಮನೆಯವರೆಗೆ ಚೆನ್ನಾಗಿಯೇ ಎಳೆದು ತಂದಿತ್ತು. ಅದರ ರೋಗ ಹಿಡಿತದ್ದಲ್ಲ, ಬಿಡುಗಡೆಯದು. ಪೆಡಲಿನ ಒತ್ತಡ ಕ್ಲಚ್ಚಿನವರೆಗೆ ಮುಟ್ಟುತ್ತಿರಲಿಲ್ಲ. ಹಾಗಾದರೆ ಅದು ಎಲ್ಲಿ ಕಳೆದುಹೋಗುತ್ತಿತ್ತು? ಇದನ್ನು ತಿಳಿಯಬೇಕಾದರೆ ಪೆಡಲಿನಿಂದ ಕ್ಲಚ್ಚಿನವರೆಗಿನ ದಾರಿಯನ್ನು ನೋಡಬೇಕು.

ಮಾರುತಿ ೮೦೦, ಓಮ್ನಿ ಮೊದಲಾದ ಚಿಕ್ಕ ಗಾಡಿಗಳಲ್ಲಿ ಈ ದಾರಿ ಒಂದು ಉಕ್ಕಿನ ಕೇಬಲ್ಲು. ಸೈಕಲ್ಲಿನ ಬ್ರೇಕಿನ ತಂತಿಯಂಥದೇ, ಸ್ವಲ್ಪ ದಪ್ಪ. ಭಾರದ ಗಾಡಿಗಳಲ್ಲಿ ಸಾಮಾನ್ಯವಾಗಿ ತಂತಿಯ ಬದಲು ದ್ರವವಿರುತ್ತದೆ. ಪೆಡಲಿನ ಹಿಂದೆ, ಎಂಜಿನ್ನಿನ ಕೋಣೆಗೂ ಚಾಲಕನಿಗೂ ನಡುವಿನ ತಗಡಿನ ಗೋಡೆಯಲ್ಲಿ, ಒಂದು ಚಿಕ್ಕ ಸಿಲಿಂಡರು. ಕೆಳಗೆ ಗೇರುಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು. ಎರಡಕ್ಕೂ ನಡುವೆ ತೆಳುವಾದ ಲೋಹದ ಪೈಪು ಮತ್ತು ಒಂದು ತುಂಡು ರಬ್ಬರು ಹೋಸು. ಮೇಲಿನದಕ್ಕೆ ಮಾಸ್ಟರ್ ಎಂದೂ ಕೆಳಗಿನದಕ್ಕೆ ಸ್ಲೇವ್ ಎಂದೂ ಹೆಸರು. ಯಜಮಾನ, ಗುಲಾಮ ಎಂಬ ಈ ಹೆಸರುಗಳನ್ನು ಇಟ್ಟವರ ಮನೋಧರ್ಮವೇನೇ ಇರಲಿ, ಅಂಗಡಿಯಲ್ಲಿ ಸಾಮಾನು ಕೇಳುವಾಗ ಈ ಹೆಸರುಗಳನ್ನೇ ಹೇಳಬೇಕು.

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲ ಕಡೆಗೂ ಕುಂದದೆ ಮುಟ್ಟುತ್ತದೆ ಎಂಬುದು ಪಾಸ್ಕಲನ ನಿಯಮ. ಅವನು ತೀರಿಕೊಂಡದ್ದು ೧೬೬೨ರಲ್ಲಿ. ದ್ರವಗಳನ್ನು ಕುರಿತ ಅವನ ಗ್ರಂಥ ಅಚ್ಚಾದದ್ದು ಮರುವರ್ಷ. ನಿಯಮ ತಿಳಿದಿದ್ದರೂ ಅದನ್ನು ಯಂತ್ರಕ್ಕೆ ಅಳವಡಿಸಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬವನು ನೀರಿನ ಒತ್ತಡದ ಪ್ರೆಸ್ಸಿಗೆ ಪೇಟೆಂಟು ಪಡೆದನು. ಅವನಿಗೆ ಬಂದ ತೊಡಕು ನಮ್ಮ ಗಾಡಿಗೆ ಬಂದದ್ದೇ: ಒತ್ತಡ ಹೆಚ್ಚಿದಂತೆಲ್ಲ ಪಿಸ್ಟನ್ನಿನ ಅಂಚಿನಿಂದ ನೀರು ಸೋರುತ್ತಿತ್ತು. ಬಿಗಿಯಾಗಿ ಕಟ್ಟಿದರೆ ಪಿಸ್ಟನ್ನು ಅಲುಗದು, ಸಡಿಲ ಬಿಟ್ಟರೆ ನೀರು ನಿಲ್ಲದು. ಬಟ್ಟಲಿನಂತೆ ಬಾಗಿಸಿದ ಚರ್ಮದ ಪಟ್ಟಿಯಿಂದ ಇದು ಬಗೆಹರಿಯಿತು. ಈ ಯುಕ್ತಿ ಬ್ರಾಮಾನ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್‌ಲೆಯದೆಂದು ಹೇಳುವರು. ದ್ರವದ ಒತ್ತಡವೇ ಬಟ್ಟಲಿನ ಅಂಚನ್ನು ಅಗಲಿಸಿ ಗೋಡೆಗೆ ಒತ್ತುವುದರಿಂದ, ಒತ್ತಡ ಹೆಚ್ಚಿದಷ್ಟೂ ಬಿಗಿ ಹೆಚ್ಚುವುದು. ಒತ್ತಡ ಬಿಟ್ಟರೆ ಅಂಚು ತಾನೇ ಸಡಿಲವಾಗುವುದು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಊರ ಬೋರ್‌ವೆಲ್ಲಿನ ಕೈಪಂಪನ್ನು ಬಿಚ್ಚುವುದನ್ನು ನೋಡಿದವರು ಅದರ ಕೆಳಗಿನ ಚರ್ಮದ ಬಟ್ಟಲು ವಾಷರನ್ನು ಕಂಡಿರುವರು. ಜಗಳೂರಿನ ಬರದ ಊರುಗಳಲ್ಲಿ ಬೇಸಿಗೆಯಲ್ಲಿ ಆ ವಾಷರು ಸವೆದರೆ ಹಿಡಿಯನ್ನು ಎಷ್ಟು ಜಗ್ಗಿದರೂ ನೀರು ಬಾರದು. ಬೇಗ ಬೇಗ ಜಗ್ಗಿದರೆ ಮಾತ್ರ ಒಂದಿಷ್ಟು ಬರುವುದು. ತಂದೆಯವರು ತಿರುವಿನಲ್ಲಿ ಪೆಡಲನ್ನು ಬೇಗ ಬೇಗ ತುಳಿದಾಗ ಹಿಡಿತ ಬಂದುದಕ್ಕೂ ಇದೇ ಕಾರಣ. ಮಾಸ್ಟರ್ ಸಿಲಿಂಡರಿನೊಳಗೆ ಚರ್ಮದ ಬದಲು ರಬ್ಬರಿನ ಬಟ್ಟಲಿದೆ. ವ್ಯತ್ಯಾಸ ಅಷ್ಟೇ.

ಒಂದು ಲೆಕ್ಕ ಮಾಡೋಣ; ಅಂಕಿಗಳು ಉದಾಹರಣೆಗಾಗಿ. ಕಾಲು ಪೆಡಲಿನ ಮೇಲೆ ೧೦ ಕಿಲೋಗ್ರಾಂ ಭಾರ ಹಾಕಿತೆನ್ನಿ. ಪೆಡಲು ಐದು ಪಟ್ಟಿನ ಸನ್ನೆಯಾದರೆ ಪಿಸ್ಟನ್ನಿನ ಮೇಲೆ ೫೦ ಕಿಲೋಗ್ರಾಂ. ಮಾಸ್ಟರಿನ ಒಳವ್ಯಾಸ ೧೬ ಮಿಲಿಮೀಟರು, ಎಂದರೆ ಕ್ಷೇತ್ರ ೨ ಚದರ ಸೆಂಟಿಮೀಟರು. ಒತ್ತಡ ಚದರ ಸೆಂಟಿಮೀಟರಿಗೆ ೨೫ ಕಿಲೋಗ್ರಾಂ. ಸ್ಲೇವಿನ ವ್ಯಾಸ ೧೯ ಮಿಲಿಮೀಟರಾದರೆ ಅಲ್ಲಿ ಹುಟ್ಟುವ ಬಲ ಸುಮಾರು ೭೦ ಕಿಲೋಗ್ರಾಂ. ಮಾಸ್ಟರಿನ ಪಿಸ್ಟನ್ನು ೨೫ ಮಿಲಿಮೀಟರು ಸರಿದರೆ ೫ ಘನ ಸೆಂಟಿಮೀಟರು ದ್ರವ ಹೊರಡುವುದು. ಅದು ಸ್ಲೇವಿನ ಪಿಸ್ಟನ್ನನ್ನು ೧೭-೧೮ ಮಿಲಿಮೀಟರು ನೂಕುವುದು. ಕ್ಲಚ್ಚಿನ ಬಿಡುಗಡೆಯೆಲ್ಲ ಈ ೫ ಘನ ಸೆಂಟಿಮೀಟರಿನಲ್ಲಿ, ಎಂದರೆ ಒಂದು ಟೀ ಚಮಚೆಯಷ್ಟು ದ್ರವದಲ್ಲಿ ಅಡಗಿದೆ. ಈಗ ಪೈಪಿನಲ್ಲಿ ೩ ಘನ ಸೆಂಟಿಮೀಟರು ಗಾಳಿ ಸೇರಿಕೊಂಡಿದೆಯೆನ್ನಿ. ದ್ರವ ಕುಗ್ಗದು, ಗಾಳಿ ಕುಗ್ಗುವುದು. ಅಷ್ಟು ಒತ್ತಡದಲ್ಲಿ ಆ ಗಾಳಿ ಮೂಲದ ಇಪ್ಪತ್ತಾರರಲ್ಲಿ ಒಂದು ಪಾಲಿಗೆ ಇಳಿಯುವುದು. ಆದಕಾರಣ ಐದರಲ್ಲಿ ಸುಮಾರು ಮೂರು ಪಾಲು ಗಾಳಿಯನ್ನು ಹಿಸುಕುವುದರಲ್ಲೇ ವ್ಯರ್ಥ. ಸ್ಲೇವು ಚಲಿಸುವುದು ಏಳು ಮಿಲಿಮೀಟರು ಚಿಲ್ಲರೆ ಮಾತ್ರ. ಗೇರು ಕಿರುಗುಟ್ಟದೆ ಇನ್ನೇನಾದೀತು? ಮುಂದೆ ಗಾಳಿ ತೆಗೆಯುವ ವಿಚಾರದಲ್ಲಿ ನಾನು ಹಟ ಹಿಡಿಯುವುದು ಈ ಲೆಕ್ಕದ ಬಲದಿಂದ.

ಇನ್ನು ಪರೀಕ್ಷೆ. ಎಂಜಿನ್ನು ನಿಂತಿರಬೇಕು, ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ಒಬ್ಬರು ಪೆಡಲನ್ನು ತುಳಿದು ಹಿಡಿಯಲಿ. ಇನ್ನೊಬ್ಬರು ಕೆಳಗೆ ಸ್ಲೇವಿನ ಸರಳನ್ನು ನೋಡಲಿ. ಸರಳು ಪೂರ್ತಿ ಹೊರಬಂದು ನಿಂತೂ ಕ್ಲಚ್ಚು ಬಿಡದಿದ್ದರೆ ದೋಷ ಗೇರುಪೆಟ್ಟಿಗೆಯ ಒಳಗಿದೆ. ಆಗ ಕಾರ್ಖಾನೆಯವರ ಮಾತು ಸರಿ. ಸರಳು ಅರ್ಧಕ್ಕೆ ನಿಂತರೆ, ಇಲ್ಲವೆ ಬಂದದ್ದು ಮೆಲ್ಲಗೆ ಹಿಂದೆ ಸರಿದರೆ, ದೋಷ ದ್ರವದ ದಾರಿಯಲ್ಲಿದೆ. ನಮ್ಮದು ಅರ್ಧ ಬಂದು ಹಿಂದೆ ಸರಿಯಿತು. ಸ್ಲೇವಿನ ರಬ್ಬರು ಟೋಪಿಯನ್ನು ಸರಿಸಿ ನೋಡಿದೆವು, ಒಣಗಿತ್ತು. ಪೈಪು, ಹೋಸು ಒಣಗಿದ್ದವು. ಪೆಡಲಿನ ಹಿಂದೆ ಕೈಬಿಟ್ಟು ಮುಟ್ಟಿದರೆ ಅಲ್ಲಿ ಕೊಂಚ ಜಿಡ್ಡು. ಹೊರಗೆ ಸೋರಿದ್ದು ಅಲ್ಪ. ಆದರೆ ಒಳಗೆ, ತುಳಿದಷ್ಟೂ ದ್ರವ ಬಟ್ಟಲಿನ ಅಂಚನ್ನು ನುಸುಳಿ ತಿರುಗಿ ಮೇಲಿನ ಕುಡಿಕೆಗೇ ಹೋಗುತ್ತಿತ್ತು. ಕುಡಿಕೆಯ ಮಟ್ಟ ಹೆಚ್ಚು ಇಳಿಯದಿದ್ದುದರಿಂದಲೇ ಯಾರಿಗೂ ಮಾಸ್ಟರಿನ ಮೇಲೆ ಸಂಶಯ ಬಂದಿರಲಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಎರಡು ಎಚ್ಚರಿಕೆಗಳನ್ನು ಹೇಳಬೇಕು. ಕೆಲವು ಗಾಡಿಗಳಲ್ಲಿ ಸ್ಲೇವು ಗೇರುಪೆಟ್ಟಿಗೆಯ ಒಳಗೇ, ದಂಡದ ಸುತ್ತ ಉಂಗುರದಂತೆ ಕುಳಿತಿರುವುದು; ಅದು ಕೆಟ್ಟರೆ ಮನೆಯಂಗಳದ ಕೆಲಸವಲ್ಲ. ಇನ್ನು ಕೆಲವುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಕುಡಿಕೆ. ಕ್ಲಚ್ಚಿನ ದ್ವಾರವನ್ನು ಮೇಲುಮಟ್ಟದಲ್ಲಿ ಇಟ್ಟಿರುವುದರಿಂದ ಕ್ಲಚ್ಚು ಸೋರಿದರೂ ಬ್ರೇಕಿನ ಪಾಲು ಉಳಿಯುವುದು. ಆದರೆ ಕೆಲಸದ ನಡುವೆ ಮೈಮರೆತು ಕುಡಿಕೆಯನ್ನು ಪೂರ್ತಿ ಬರಿದು ಮಾಡಿದರೆ ಬ್ರೇಕಿನಲ್ಲಿ ಗಾಳಿ ಸೇರೀತು. ಕ್ಲಚ್ಚಿಲ್ಲದ ಗಾಡಿ ಮನೆ ಸೇರಬಹುದು, ಬ್ರೇಕಿಲ್ಲದ್ದು ಸೇರದು. ಅಂಥ ಗಾಡಿಯಾದರೆ ತಿಳಿದ ಮೇಸ್ತ್ರಿಯನ್ನು ಜೊತೆಯಲ್ಲಿ ಕೂರಿಸಿಕೊಳ್ಳುವುದೇ ಲೇಸು. ನಮ್ಮದಕ್ಕೆ ಬೇರೆ ಕುಡಿಕೆ ಇತ್ತು.

ಮೊದಲು ಕುಡಿಕೆಯ ಹಳೆಯ ದ್ರವವನ್ನು ಔಷಧಿಯ ಪಿಚಕಾರಿಯಿಂದ ಹೀರಿ ತೆಗೆದೆವು. ಅದು ಕಾಫಿಯ ಬಣ್ಣಕ್ಕೆ ತಿರುಗಿತ್ತು. ಈ ದ್ರವ ಎಣ್ಣೆಯಲ್ಲ. ಗ್ಲೈಕಾಲ್ ವರ್ಗದ ರಾಸಾಯನಿಕ. ಗಾಡಿಯ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುವುದು; ಬಿದ್ದ ಕೂಡಲೆ ಧಾರಾಳವಾಗಿ ನೀರು ಸುರಿಯಬೇಕು. ಹಳೆಯ ಕಂಬಳಿಯನ್ನು ನೆನೆಸಿ ರೆಕ್ಕೆಯ ಮೇಲೆ ಹಾಸಿಕೊಂಡಿದ್ದೆವು. ಕಣ್ಣಿಗೆ ಸೋಕಬಾರದು. ಆಮೇಲೆ ಒಳಗಡೆ, ಡ್ಯಾಷಿನ ಕೆಳಗೆ ತಲೆಕೆಳಗಾಗಿ ಮಲಗಿ, ಪೆಡಲಿಗೂ ಸರಳಿಗೂ ಕೊಂಡಿಯಾದ ಪಿನ್ನನ್ನು ಬಿಚ್ಚಬೇಕು. ಇಡೀ ಕೆಲಸದಲ್ಲಿ ಮೈ ನೋಯುವುದು ಇಲ್ಲಿಯೇ. ಎಂಜಿನ್ನಿನ ಕಡೆಯಲ್ಲಿ ಪೈಪಿನ ನಟ್ಟನ್ನು ಸಾಮಾನ್ಯ ಸ್ಪ್ಯಾನರಿನಿಂದ ಬಿಚ್ಚಬಾರದು. ಮೆತು ಲೋಹದ ನಟ್ಟು, ಮೂಲೆಗಳು ಉರುಟಾಗಿಬಿಡುವುವು. ಪೈಪನ್ನು ಸುತ್ತಿ ಹಿಡಿಯುವಂಥ, ಬಾಯಿ ಸ್ವಲ್ಪ ಮಾತ್ರ ತೆರೆದ ಸ್ಪ್ಯಾನರು ದೊರೆಯುತ್ತದೆ. ಎರವಲು ತಂದಾದರೂ ಅದನ್ನೇ ಉಪಯೋಗಿಸತಕ್ಕದ್ದು. ಬಿಚ್ಚಿದ ಪೈಪಿನ ಬಾಯಿಗೆ ಧೂಳು ಹೋಗದಂತೆ ಶುಭ್ರವಾದ ರಬ್ಬರು ಟೋಪಿ ಹಾಕಬೇಕು. ಗೋಡೆಯ ಎರಡು ನಟ್ಟುಗಳನ್ನು ತೆಗೆದರೆ ಸಿಲಿಂಡರು ಕೈಗೆ ಬರುವುದು.

ಅದನ್ನು ಬಿಚ್ಚಿ ನೋಡಿದೆವು. ಸರ್ಕ್ಲಿಪ್ಪನ್ನು ತೆಗೆದೊಡನೆ ಸ್ಪ್ರಿಂಗು ಪಿಸ್ಟನ್ನನ್ನು ಹೊರಗೆ ನೂಕಿತು. ಮುಂದಿನ ಬಟ್ಟಲಿನ ಅಂಚು ಒಂದು ಕಡೆ ಹರಿದಿತ್ತು. ಬಟ್ಟಲುಗಳು ಮಾತ್ರ ಇರುವ ಸಣ್ಣ ಕಿಟ್ಟು ಬಲು ಅಗ್ಗವಾಗಿ ದೊರೆಯುತ್ತದೆ. ಅದೊಂದನ್ನೇ ಹಾಕಿದರೆ ಸಾಲದೇ ಎಂದು ತಂದೆಯವರಿಗೆ ಆಸೆ. ಆದರೆ ಟಾರ್ಚು ಬಿಟ್ಟು ನೋಡಿದಾಗ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಸಣ್ಣ ಸಣ್ಣ ಗುಳಿಗಳು ಕಂಡವು, ಬೆರಳಿಗೂ ತಗಲಿದವು. ಗೋಡೆ ಕನ್ನಡಿಯಂತಿದ್ದರೆ ಕಿಟ್ಟು ಸಾಕು. ಗುಳಿಬಿದ್ದ ಗೋಡೆಯಲ್ಲಿ ಹೊಸ ಬಟ್ಟಲು ಕೆಲವು ತಿಂಗಳಲ್ಲೇ ಹರಿಯುವುದು. ಪೂರ್ತಿ ಸಿಲಿಂಡರನ್ನೇ ತಂದೆವು. ಅದರ ಕ್ರಯ ಕಾರ್ಖಾನೆಯವರು ಹೇಳಿದ ಮೊತ್ತದ ಒಂದು ಸಣ್ಣ ಪಾಲು.

ಗುಳಿ ಬಿದ್ದದ್ದೇಕೆ? ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ ೩ ಎಂಬ ದರ್ಜೆಯ ಹೊಸ ದ್ರವ ಕುದಿಯುವುದು ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನಲ್ಲಿ. ತೇವ ಹೀರಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುವುದು. ಡಾಟ್ ೪ಕ್ಕೆ ಇವು ೨೩೦ ಮತ್ತು ೧೫೫. ಕುದಿಯುವ ಭಯ ಬ್ರೇಕಿಗೆ. ಕ್ಲಚ್ಚಿಗೆ ಭಯ ತುಕ್ಕಿನದು. ನ್ಯಾಮತಿಯ ಕಡೆ ಮಲೆನಾಡಿನ ಅಂಚಿನ ಮಳೆ, ಚನ್ನಗಿರಿಯಲ್ಲಿ ನೀರು ಹಾಯಿಸಿದ ತೋಟಗಳ ತಂಪು. ಜಗಳೂರಿನಲ್ಲಿ ತೇವವಿಲ್ಲದಿದ್ದರೆ ಧೂಳುಂಟು, ಅದು ಸರಳಿನ ಟೋಪಿ ಹರಿದಿದ್ದರೆ ಒಳನುಗ್ಗಿ ಉಪ್ಪುಕಾಗದದ ಕೆಲಸ ಮಾಡುವುದು. ನಮ್ಮ ಗಾಡಿ ಎರಡನ್ನೂ ಕಂಡಿತ್ತು. ನಾವು ಕೊಂಡ ಮೇಲೆ ಒಮ್ಮೆಯೂ ಆ ದ್ರವವನ್ನು ಬದಲಿಸಿರಲಿಲ್ಲ. ಇದು ನಮ್ಮದೇ ತಪ್ಪು.

ದ್ರವದ ವಿಷಯದಲ್ಲಿ ಇನ್ನೊಂದು ಮಾತು. ಕುಡಿಕೆಯ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದನ್ನೇ, ಮುದ್ರೆ ಒಡೆಯದ ಡಬ್ಬಿಯಿಂದಲೇ ಹಾಕಬೇಕು. ದಾರಿಯಲ್ಲಿ ಸೋರಿತೆಂದು ಎಂಜಿನ್ ಆಯಿಲನ್ನು ಸುರಿಯುವವರಿದ್ದಾರೆ. ಖನಿಜ ತೈಲ ತಗುಲಿದರೆ ಈ ಬಟ್ಟಲುಗಳ ರಬ್ಬರು ಊದಿಕೊಂಡು ಮೆತ್ತಗಾಗುವುದು. ಆಗ ಮಾಸ್ಟರು, ಸ್ಲೇವು, ಹೋಸು ಮೂರನ್ನೂ ಬದಲಿಸಬೇಕಾದೀತು. ಸೀಮೆಎಣ್ಣೆ, ಪೆಟ್ರೋಲುಗಳಿಂದ ತೊಳೆಯುವುದೂ ಇದೇ ಕಾರಣಕ್ಕೆ ನಿಷಿದ್ಧ.

ಹೊಸ ಸಿಲಿಂಡರನ್ನು ಮೊದಲು ಮೇಜಿನ ಮೇಲೆಯೇ ದ್ರವ ತುಂಬಿಸಿ, ಸರಳನ್ನು ಮೆಲ್ಲಗೆ ಒತ್ತಿ ಬಿಟ್ಟು, ಬಾಯಿಂದ ಗುಳ್ಳೆ ಬರುವುದು ನಿಲ್ಲುವವರೆಗೆ ಸಿದ್ಧಪಡಿಸಿದೆವು. ಕೂರಿಸುವಾಗ ಒಂದು ಕ್ರಮವಿದೆ: ಗೋಡೆಯ ನಟ್ಟುಗಳನ್ನು ಸಡಿಲವಾಗಿ ಬಿಟ್ಟು, ಪೈಪಿನ ನಟ್ಟನ್ನು ಮೊದಲು ಬರಿಗೈಯಿಂದ ಮೂರು ನಾಲ್ಕು ಸುತ್ತು ತಿರುಗಿಸಬೇಕು. ಸಿಲಿಂಡರನ್ನು ಬಿಗಿಮಾಡಿ ಆಮೇಲೆ ಪೈಪನ್ನು ಸೇರಿಸಹೋದರೆ ನಟ್ಟು ಓರೆಯಾಗಿ ಹತ್ತಿ ಹೊಸ ಸಿಲಿಂಡರಿನ ಮರೆಯೇ ಹಾಳಾಗುವುದು. ಪಿನ್ನು ಹಾಕಿದ ಮೇಲೆ ಸರಳಿಗೂ ಪಿಸ್ಟನ್ನಿಗೂ ನಡುವೆ ಸುಮಾರು ಒಂದು ಮಿಲಿಮೀಟರಿನ ಸಡಿಲ ಉಳಿದಿರಬೇಕು. ಸಿಲಿಂಡರಿನಲ್ಲಿ ಕುಡಿಕೆಗೆ ತೆರೆಯುವ ಸೂಜಿಮೊನೆಯಂಥ ಒಂದು ರಂಧ್ರವಿದೆ. ಕಾಲು ತೆಗೆದಾಗ ಉಳಿದ ಒತ್ತಡ ಇಳಿಯುವುದು ಅದರ ಮೂಲಕ. ಸಡಿಲವಿಲ್ಲದಿದ್ದರೆ ಬಟ್ಟಲು ಆ ರಂಧ್ರವನ್ನು ಸದಾ ಮುಚ್ಚಿರುವುದು. ಆಗ ಯಾರೂ ತುಳಿಯದೆ ಕ್ಲಚ್ಚು ಅರೆತುಳಿದಂತಿದ್ದು, ಚೆನ್ನಾಗಿದ್ದ ಪ್ಲೇಟು ನಿಜವಾಗಿಯೇ ಸವೆಯಲಾರಂಭಿಸುವುದು.

ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು. ತಂಗಿ ಪೆಡಲಿನ ಬಳಿ, ನಾನು ಗಾಡಿಯ ಕೆಳಗೆ. ಸ್ಲೇವಿನ ಮೇಲೆ ಒಂದು ಚಿಕ್ಕ ತಿರುಪಿದೆ. ಅದಕ್ಕೆ ಪಾರದರ್ಶಕವಾದ ನಳಿಗೆಯನ್ನು ತೊಡಿಸಿ, ಅದರ ಇನ್ನೊಂದು ತುದಿಯನ್ನು ದ್ರವವಿರುವ ಗಾಜಿನ ಸೀಸೆಯಲ್ಲಿ ಮುಳುಗಿಸಬೇಕು. ತಂಗಿ ಮೆಲ್ಲಗೆ ಮೂರು ಸಲ ತುಳಿದು, ಕೊನೆಯದರಲ್ಲಿ ಒತ್ತಿಹಿಡಿದು, "ಹಿಡಿದಿದ್ದೇನೆ" ಎನ್ನುವಳು. ನಾನು ತಿರುಪನ್ನು ಅರ್ಧ ಸುತ್ತು ಬಿಚ್ಚುವೆನು. ಗುಳ್ಳೆಗಳು ಬರುವುವು, ಪೆಡಲು ನೆಲಕ್ಕಿಳಿಯುವುದು. ತಿರುಪನ್ನು ಬಿಗಿದು "ಬಿಡು" ಎನ್ನುವೆನು. ಆಮೇಲೆ ಮಾತ್ರ ಅವಳು ಕಾಲನ್ನು ತೆಗೆಯಬೇಕು. ತಿರುಪು ತೆರೆದಿರುವಾಗ ಕಾಲು ತೆಗೆದರೆ ಹೋದ ಗಾಳಿ ಹಿಂದಕ್ಕೆ ಬರುವುದು. ನಾವು ಮಾತುಗಳನ್ನು ಸರಿಯಾಗಿಯೇ ಪಾಲಿಸಿದೆವು. ಆದರೆ ಮೇಲಿನ ಕುಡಿಕೆಯನ್ನು ನೋಡುವವರಿರಲಿಲ್ಲ. ಹತ್ತನೆಯ ಸಲಕ್ಕೋ ಏನೋ ಅದು ಬರಿದಾಗಿ, ಮೇಲಿನಿಂದಲೇ ಗಾಳಿ ಎಳೆದುಕೊಂಡು, ಮಾಡಿದ್ದೆಲ್ಲ ಮಣ್ಣುಪಾಲಾಯಿತು. ಮತ್ತೆ ಮೊದಲಿನಿಂದ. ಈ ಸಲ ತಾಯಿಯವರನ್ನು ಕುಡಿಕೆಯ ಕಾವಲಿಗೆ ನಿಲ್ಲಿಸಿದೆವು. ಅರ್ಧಕ್ಕಿಳಿದಾಗಲೆಲ್ಲ ಅವರು ಹೊಸ ದ್ರವವನ್ನು ಸುರಿದರು. ಸೀಸೆಗೆ ಬಿದ್ದ ದ್ರವವನ್ನು ತಿರುಗಿ ಕುಡಿಕೆಗೆ ಹಾಕಬಾರದು, ಎಷ್ಟು ಶುಭ್ರವಾಗಿ ಕಂಡರೂ ಸರಿಯೆ. ಅದನ್ನು ಚರಂಡಿಗೋ ಕಾಲುವೆಗೋ ಚೆಲ್ಲಲೂಬಾರದು. ನಾವು ಮುಚ್ಚಳ ಹಾಕಿ, ಹಳೆಯ ಎಂಜಿನ್ ಆಯಿಲನ್ನು ಕೊಂಡೊಯ್ಯುವವರಿಗೆ ಬೇರೆಯಾಗಿಯೇ ಕೊಟ್ಟೆವು.

ಸಂಜೆಗೆ ಪೆಡಲು ಗಟ್ಟಿಯಾಯಿತು. ಎಂಜಿನ್ನನ್ನು ಚಾಲೂ ಮಾಡಿ ರಿವರ್ಸ್ ಗೇರಿಗೆ ಹಾಕಿದರು. ರಿವರ್ಸಿನಲ್ಲಿಯೇ ಪರೀಕ್ಷಿಸುವುದೇಕೆಂದರೆ, ಅನೇಕ ಗಾಡಿಗಳಲ್ಲಿ ವೇಗ ಸರಿದೂಗಿಸುವ ಉಂಗುರ ಆ ಗೇರಿಗೆ ಇರುವುದಿಲ್ಲ. ಕ್ಲಚ್ಚು ಕೂದಲೆಳೆಯಷ್ಟು ಬಿಡದಿದ್ದರೂ ಅಲ್ಲಿ ಶಬ್ದವಾಗುವುದು. ಶಬ್ದವಾಗಲಿಲ್ಲ. ರಾತ್ರಿ ಮಾಸ್ಟರಿನ ಕೆಳಗೂ ಸ್ಲೇವಿನ ಕೆಳಗೂ ವೃತ್ತಪತ್ರಿಕೆಯ ಹಾಳೆಗಳನ್ನು ಹಾಸಿ ಮಲಗಿದೆವು. ಬೆಳಿಗ್ಗೆ ತಂದೆಯವರು ನನಗಿಂತ ಮೊದಲೇ ಎದ್ದು ಅವನ್ನು ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎರಡೂ ಒಣಗಿದ್ದವು.

ಶುಲ್ಕವನ್ನು ಗಡುವಿನ ಕೊನೆಯ ದಿನ ಕಟ್ಟಿದೆನು. ಬಾನೆಟ್ಟಿನ ಒಳಮೈಯಲ್ಲಿ ಬಿಳಿಯ ಬಣ್ಣದಿಂದ ದ್ರವ ಬದಲಿಸಿದ ತಾರೀಖನ್ನು ಬರೆದಿದ್ದೇವೆ. ಅದರ ಕೆಳಗೆ ಎರಡು ವರ್ಷ ಮುಂದಿನ ತಾರೀಖನ್ನು ತಂಗಿ ತನ್ನ ಕೈಯಿಂದಲೇ ಬರೆದಿದ್ದಾಳೆ.